ಹೌಸಿಂಗ್ ಇಳಿಸುವ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಂಗಳದಲ್ಲೇ ಗಾಡಿಯ ಹಿಂದಿನ ಆಕ್ಸಲ್ ಬದಲಿಸುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಹತ್ತು ನಿಮಿಷ ಕೊಟ್ಟಿದ್ದಾರೆ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ 28 ವರ್ಷ ಪಾಠ ಹೇಳಿದವನಿಗೆ ಹತ್ತು ನಿಮಿಷ ಹಾಜರಿ ಕೂಗುವುದಕ್ಕೇ ಸಾಲದು. ಹಾಗಾಗಿ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಮರೆತರೂ ಅಡ್ಡಿಯಿಲ್ಲ. ಜಾಕಿ ಇರುವುದು ಗಾಡಿಯನ್ನು ಎತ್ತುವುದಕ್ಕೆ. ಹೊತ್ತು ನಿಲ್ಲುವುದು ಜಾಕಿಯ ಕೆಲಸವಲ್ಲ. ಹೊರುವುದಕ್ಕೆ ಸ್ಟ್ಯಾಂಡ್ ಬೇಕು, ಆ ಸ್ಟ್ಯಾಂಡ್ ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಕೆಳಗಿರಬೇಕು.

ಈಗ ರೇಡಿಯೋ ಹಾಕಿಕೊಂಡು ಕೂತಿರುವವರಲ್ಲಿ ಓಮ್ನಿ ಇಟ್ಟುಕೊಂಡವರು ಎಷ್ಟೋ ಜನ ಇದ್ದೀರಿ, ನನಗೆ ಗೊತ್ತು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂತು, 1988ರಲ್ಲಿ ಓಮ್ನಿ ಎಂದು ಹೆಸರು ಬದಲಿಸಿಕೊಂಡಿತು, 2019ರಲ್ಲಿ ತಯಾರಿ ನಿಂತಿತು. ಆದರೆ ನಮ್ಮ ಕಡೆ ಅದು ನಿಂತದ್ದೆಲ್ಲಿ? ಅಡಿಕೆ ಮೂಟೆ, ಹಾಲಿನ ಕ್ಯಾನು, ಮದುವೆ ಮನೆಯ ಪಾತ್ರೆ, ಚೌತಿಯ ಗಣಪತಿ ಎಲ್ಲಕ್ಕೂ ಅದೇ ಗಾಡಿ. ಹಾಗಾಗಿ ಇವತ್ತು ನನ್ನ ಮಾತು ಓಮ್ನಿಯದ್ದು. ಜೀಪಿನವರಿಗೂ ಬಹುಪಾಲು ಅನ್ವಯಿಸುತ್ತದೆ. ಈಕೋ ಇದ್ದವರಿಗೆ ಹಿಂದೆ ಪ್ಲೇಟಿನ, ಅಂದರೆ ಪಟ್ಟಿ ಸ್ಪ್ರಿಂಗಿನ, ಬದಲು ಕಾಯಿಲ್ ಸ್ಪ್ರಿಂಗ್ ಇರುತ್ತದೆ, ಬಿಚ್ಚುವ ಕ್ರಮ ಬೇರೆ. ಆಲ್ಟೋ, ಸ್ವಿಫ್ಟ್ ಇದ್ದವರು ಈ ಹತ್ತು ನಿಮಿಷ ಕಾಫಿ ಕುಡಿದು ಬನ್ನಿ. ನಿಮ್ಮ ಗಾಡಿಯಲ್ಲಿ ಮುಂದಿನ ಚಕ್ರ ಎಳೆಯುತ್ತದೆ, ಹಿಂದೆ ಇರುವುದು ಬರೀ ಒಂದು ತೊಲೆ.

ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗೆ, ಎಳೆಯುವುದು ಹಿಂದಿನ ಚಕ್ರ. ಇಂಜಿನಿನ ಶಕ್ತಿಯನ್ನು ಒಂದು ಉದ್ದನೆ ಶಾಫ್ಟು ಹಿಂದಕ್ಕೆ ತರುತ್ತದೆ. ಅಲ್ಲಿ ಕುಂಬಳಕಾಯಿಯಂಥ ಒಂದು ಹೊಟ್ಟೆ, ಅದರೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಎರಡು ಹಲ್ಲುಚಕ್ರ. ಹೊಟ್ಟೆಯ ಎರಡೂ ಪಕ್ಕ ಕೊಳವೆ, ಕೊಳವೆಯೊಳಗೆ ಆಕ್ಸಲ್, ತುದಿಯಲ್ಲಿ ಬ್ರೇಕ್ ಡ್ರಮ್. ಇಷ್ಟನ್ನೂ ಒಟ್ಟಿಗೆ ನಾವು ಗ್ಯಾರೇಜಿನವರು ಹೌಸಿಂಗ್ ಎನ್ನುತ್ತೇವೆ. ಅದರ ಮೇಲೆ ಪ್ಲೇಟು, ಪ್ಲೇಟಿನ ಮೇಲೆ ಗಾಡಿ. ಇದನ್ನು ನೆನಪಿಡಿ: ಗಾಡಿಯ ಹಿಂಭಾಗ ಪೂರ್ತಿ ಹೌಸಿಂಗಿನ ಮೇಲೆ ಕೂತಿದೆ. ಪಂಕ್ಚರ್ ಆದಾಗ ನೀವು ಜಾಕಿ ಕೊಡುವುದೂ ಹೌಸಿಂಗಿನ ಹತ್ತಿರವೇ. ಇವತ್ತು ಮನೆ ಬಿಟ್ಟು ಹೋಗುವುದೂ ಅದೇ ಹೌಸಿಂಗ್. ಹಾಗಿದ್ದ ಮೇಲೆ ಅದಕ್ಕೇ ಜಾಕಿ ಕೊಟ್ಟು ಅದನ್ನೇ ಬಿಚ್ಚಿದರೆ, ಕೂತ ಕೊಂಬೆಯನ್ನು ಬುಡದ ಕಡೆಯಿಂದ ಕಡಿದಂತಾಯಿತು.

ಕೊಂಬೆ ಕಡಿದವರಲ್ಲಿ ನಾನೂ ಒಬ್ಬ. ಆ ಕಥೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

1996ನೇ ಇಸವಿ. ತೀರ್ಥಹಳ್ಳಿ ಕಡೆ ನನ್ನ ಅಕ್ಕನ ಮನೆ. ಭಾವನ ಹತ್ತಿರ ಒಂದು ಬಿಳಿ ಓಮ್ನಿ ಇತ್ತು, 1989ರದ್ದು. ಮಳೆಗಾಲವಿಡೀ ಅದರಲ್ಲೇ ಹಳ್ಳ ದಾಟಿ ಓಡಾಡಿದ್ದರು. ಹೌಸಿಂಗಿನ ಮೇಲೆ ಸಣ್ಣದೊಂದು ಮೂಗು ಇರುತ್ತದೆ, ಬ್ರೀದರ್ ಅಂತ, ಒಳಗಿನ ಗಾಳಿ ಆಡುವುದಕ್ಕೆ. ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆ ಮೂಗಿನಿಂದ ನೀರು ಎಳೆದುಕೊಳ್ಳುತ್ತದೆ. ನಾನು ಹೋಗಿ ಕೆಳಗಿನ ಬಿರಡೆ ಬಿಚ್ಚಿದರೆ ಆಯಿಲ್ ಎಂಬುದು ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿತ್ತು. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದೆ. ಮಿಣಮಿಣ ಕಬ್ಬಿಣದ ಪುಡಿ. ಕ್ರೌನ್ ಹಲ್ಲು ತಿಂದುಹೋಗಿತ್ತು. ಶಿವಮೊಗ್ಗದಲ್ಲಿ ಗುಜರಿಯವರ ಹತ್ತಿರ ಹುಡುಕಿ ಒಂದು ಒಳ್ಳೆಯ ಹೌಸಿಂಗ್ ತಂದೆವು.

ಅಕ್ಟೋಬರ್ ತಿಂಗಳು, ಕೊಯ್ಲಿಗೆ ಇನ್ನೂ ಸ್ವಲ್ಪ ದಿನವಿತ್ತು, ಅಂಗಳ ಖಾಲಿ. ಅಕ್ಕನದ್ದು ಒಂದೇ ಕರಾರು: "ಆಯಿಲ್ ಚೆಲ್ಲಿದ್ರೆ ಆ ಜಾಗದಲ್ಲಿ ನಾಳೆ ಅಡಿಕೆ ಒಣಗ್ಸದು ಹ್ಯಾಂಗೆ? ಗೋಣಿಚೀಲ ಹಾಸ್ಕಂಡು ಮಾಡಿ." ಹಾಸಿದೆವು. ಹಿಂದಿನ ರಾತ್ರಿ ಮಳೆ ಬಿದ್ದು ನೆಲ ಮೆತ್ತಗಿತ್ತು. ನನಗೋ ಆಗ ಮೂವತ್ತೆರಡು ವರ್ಷ, ಸರ್ಕಾರಿ ಕೆಲಸ, ಮೇಷ್ಟರೆಂಬ ಜಂಬ. ಲಾರಿಯ ಬಾಟಲ್ ಜಾಕಿ ತಂದಿದ್ದೆ. ಅದನ್ನು ನೆಟ್ಟಗೆ ಹೌಸಿಂಗಿನ ಹೊಟ್ಟೆಗೆ ಕೊಟ್ಟು ಗಾಡಿ ಎತ್ತಿದೆ. ಎರಡೂ ಚಕ್ರ ಬಿಚ್ಚಿದೆ. ಕೆಳಗೆ ನುಗ್ಗಿ ಮಲಗಿದೆ.

ಜಗಲಿಯ ಮೇಲೆ ಪಕ್ಕದ ಮನೆಯ ಅಜ್ಜ ಒಬ್ಬರು ಕೂತಿದ್ದರು. ಹಿಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದವರು. ಬಾಯಿ ತುಂಬ ಕವಳ. ಏನೋ ಅಂದರು. ನಮಗೆ ಅರ್ಥವಾಗಲಿಲ್ಲ. ಮತ್ತೆ ಅಂದರು, ಆಗಲೂ ಗೊತ್ತಾಗಲಿಲ್ಲ. ಭಾವ, "ಅವರು ಹಾಗೇ, ನೀನು ಬಿಚ್ಚು ಮಾರಾಯ" ಎಂದರು. ಅಜ್ಜ ಸಾವಕಾಶ ಎದ್ದು, ತೆಂಗಿನ ಬುಡಕ್ಕೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ, ವಾಪಸ್ ಬಂದು ಕೇಳಿದರು: "ಅಲ್ಲ ತಮ್ಮ, ಅಚ್ಚು ತೆಗೆಯ ಗಾಡಿನ ಅಚ್ಚಿನ ಮೇಲೇ ನಿಲ್ಸದ?"

ನಾನು ನಕ್ಕೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಕ್ಕೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಕೊಟ್ಟಿಗೆಯ ಹತ್ತಿರ ಬಡಗಿಗೆಂದು ಇಟ್ಟಿದ್ದ ಒಂದು ಹಲಸಿನ ದಿಮ್ಮಿ ಇತ್ತು. ಅದನ್ನು ಕಾಲಲ್ಲೇ ಉರುಳಿಸಿಕೊಂಡು ಬಂದು, ಪ್ಲೇಟಿನ ಮುಂದಿನ ತುದಿ ಚಾಸಿಗೆ ಸೇರುತ್ತದಲ್ಲ, ಅದಕ್ಕಿಂತ ಗೇಣು ಮುಂದೆ, ಚಾಸಿಯ ಕೆಳಗೆ ತಳ್ಳಿದರು. ಮೇಲೆ ಎರಡು ಹಲಗೆ ತುಂಡು ಸೇರಿಸಿದರು. ಗೂಟಕ್ಕೆ ಬೆಣೆ ಹೊಡೆದ ಹಾಗೆ ಒಂದು ಕಲ್ಲಿನಿಂದ ಕುಟ್ಟಿ ಗಟ್ಟಿಮಾಡಿದರು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಾಗ ಅವರು ಹಾಗೇ ಮಾಡುತ್ತಿದ್ದರಂತೆ. ಹಿರಿಯರಿಗೆ ಬೇಸರ ಬೇಡ ಎಂದು ನಾನು ಸುಮ್ಮನಿದ್ದೆ.

ಹೌಸಿಂಗನ್ನು ಪ್ಲೇಟಿಗೆ ಬಿಗಿದಿರುವ ಯು ಬೋಲ್ಟಿನ ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು. ರಿಂಗ್ ಪಾನಕ್ಕೆ, ಅಂದರೆ ಸ್ಪ್ಯಾನರಿಗೆ, ಎರಡಡಿ ಪೈಪು ಸಿಕ್ಕಿಸಿ ಎಳೆದೆ. ಎಡಗಡೆಯ ನಾಲ್ಕೂ ಬಂದವು. ಬಲಗಡೆ ಮೂರನೆಯದಕ್ಕೆ ಎಳೆದಾಗ ಹೌಸಿಂಗ್ ಜಾಕಿಯ ತಲೆಯ ಮೇಲೆ ಸರಕ್ಕನೆ ಹೊರಳಿತು. ಮೆತ್ತಗಿನ ನೆಲದಲ್ಲಿ ಜಾಕಿ ಬೋರಲು ಬಿತ್ತು. ಗಾಡಿ ಧಡ್ ಎಂದು ಇಳಿಯಿತು. ಕಣ್ಣು ಬಿಟ್ಟು ನೋಡಿದರೆ ನನ್ನ ಬಲಗೈ ಡ್ರಮ್ಮಿಗೂ ಬಾಡಿಗೂ ನಡುವೆ ಇತ್ತು. ಉಳಿದ ಜಾಗ ಒಂದು ಬೆಂಕಿಪೊಟ್ಟಣದಷ್ಟು. ಬರಿ ಗಾಡಿಯೇ ಸುಮಾರು 800 ಕಿಲೋ ತೂಕ. ಅದರ ಹಿಂಭಾಗ ಪೂರ್ತಿ ಆ ಹಲಸಿನ ದಿಮ್ಮಿಯ ಮೇಲೆ ಕೂತಿತ್ತು. ಹಲಗೆಯಲ್ಲಿ ಚಾಸಿಯ ಗುರುತು ಅರ್ಧ ಅಂಗುಲ ಆಳಕ್ಕೆ ಮೂಡಿತ್ತು. ಅಜ್ಜ ಬಗ್ಗಿ ನನ್ನನ್ನೊಮ್ಮೆ, ದಿಮ್ಮಿಯನ್ನೊಮ್ಮೆ ನೋಡಿ "ಹ್ಞೂಂ" ಎಂದರು. ಹೋಗಿ ಮತ್ತೊಂದು ಕವಳ ಹಾಕಿಕೊಂಡರು.

ಅವತ್ತಿನಿಂದ ನನ್ನ ಹುಡುಗರಿಗೆ ಪಾನ ಮುಟ್ಟುವ ಮೊದಲು ಈ ಮಾತು ಬಾಯಿಪಾಠ ಮಾಡಿಸಿದ್ದೇನೆ. ನೀವೂ ಮಾಡಿ. ಜಾಕಿ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ, ಸ್ಟ್ಯಾಂಡ್ ಚಾಸಿಯ ಕೆಳಗೆ.

ಕಥೆ ಉದ್ದವಾಯಿತು. ಗಡಿಯಾರ ನೋಡಿದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಅಜ್ಜನಿಗೇ ಹೋಗಿದೆ. ಇನ್ನು ಬೇಗ ಬೇಗ.

ಮೊದಲನೆಯದಾಗಿ, ಶಬ್ದ ಬಂದ ಕೂಡಲೇ ಹೌಸಿಂಗ್ ತರಲು ಓಡಬೇಡಿ. ತಿರುವಿನಲ್ಲಿ ಒಂದು ಕಡೆಗೆ ಹೊರಳುವಾಗ ಮಾತ್ರ ಗುಂಯ್ ಎಂದರೆ ಅದು ಚಕ್ರದ ಬೇರಿಂಗ್. ಸ್ವಲ್ಪ ದುಡ್ಡಿನಲ್ಲಿ ಮುಗಿಯುತ್ತದೆ. ನೇರ ರಸ್ತೆಯಲ್ಲಿ ಆಕ್ಸಲರೇಟರ್ ತುಳಿದಾಗ ಒಂದು ಸ್ವರ, ಕಾಲು ತೆಗೆದಾಗ ಇನ್ನೊಂದು ಸ್ವರ ಬಂದರೆ ಅದು ಕ್ರೌನ್ ಪಿನಿಯನ್. ಆಗ ಹೌಸಿಂಗ್ ನೋಡಿ. ಗುಜರಿಯಲ್ಲಿ ಕೊಳ್ಳುವಾಗ ಶಾಫ್ಟ್ ಕೂರುವ ಫ್ಲ್ಯಾಂಜನ್ನು, ಅಂದರೆ ಬೋಲ್ಟು ಬಿಗಿಯುವ ಚಪ್ಪಟೆ ಬಿಲ್ಲೆಯನ್ನು, ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಆಡಿಸಿ. ಕಟಕಟ ಎಂದು ದೊಡ್ಡ ಆಟ ಕಂಡರೆ ಬೇಡ ಎನ್ನಿ. ಎರಡೂ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಫ್ಲ್ಯಾಂಜ್ ಎಷ್ಟು ಸುತ್ತು ಬಂತು ಎಂದು ಎಣಿಸಿ. ನಿಮ್ಮ ಹಳೆಯದರಲ್ಲೂ ಎಣಿಸಿ. ಎರಡೂ ಒಂದೇ ಆಗಿರಬೇಕು. ಅಂಗಡಿಯವರು "ಎಲ್ಲಾ ಒಂದೇ ಸಾರ್" ಎನ್ನುತ್ತಾರೆ. ನೀವು ಎಣಿಸಿ.

ಕೆಲಸಕ್ಕೆ ಇಳಿಯುವ ಹಿಂದಿನ ಸಂಜೆಯೇ ಯು ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ಬೆಳಿಗ್ಗೆ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ. ಇಲ್ಲೊಂದು ಸೂಕ್ಷ್ಮ ಇದೆ, ಕಿವಿಗೊಡಿ. ಓಮ್ನಿಯಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರ, ಗೇರಿನಲ್ಲಿ ನಿಲ್ಲಿಸಿದರೆ ಹಿಡಿಯುವುದೂ ಹಿಂದಿನ ಚಕ್ರ. ಹಿಂದೆ ಎತ್ತಿದಿರೋ, ಎರಡೂ ಇದ್ದೂ ಇಲ್ಲ. ಗಾಡಿ ಕಟ್ಟು ಬಿಚ್ಚಿದ ಕರು. ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ. ಆಮೇಲೆ ಎತ್ತಿ, ಚಾಸಿಗೆ ಎರಡು ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಅದರ ಮೇಲೆ ಇಳಿಸಿ, ಒಮ್ಮೆ ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಸಿಮೆಂಟ್ ಬ್ಲಾಕ್ ಇಡಬೇಡಿ. ಇಟ್ಟಿಗೆ ಇಡಬೇಡಿ. ಗಟ್ಟಿಯಾಗಿ ಕಾಣುತ್ತದೆ, ಒಡೆಯುವಾಗ ಹೇಳಿ ಕೇಳಿ ಒಡೆಯುವುದಿಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ ಅಗಲದ ಮರದ ದಿಮ್ಮಿ ಇಡಿ.

ಈಗ ಜಾಕಿಯನ್ನು ಹೌಸಿಂಗಿನ ಹೊಟ್ಟೆಗೆ ಕೊಡಬಹುದು, ಹೌಸಿಂಗನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ಆಯಿಲ್ ಇಳಿಸುವಾಗ ಮೊದಲು ಮೇಲಿನ ಬಿರಡೆ, ಆಮೇಲೆ ಕೆಳಗಿನದು. ಶಾಫ್ಟಿನ ಫ್ಲ್ಯಾಂಜಿಗೂ ಹೌಸಿಂಗಿನ ಫ್ಲ್ಯಾಂಜಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದು ಬಿಚ್ಚಿ, ಶಾಫ್ಟನ್ನು ತಂತಿಯಿಂದ ಮೇಲಕ್ಕೆ ಕಟ್ಟಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಡಿಸಿ. ಬ್ರೇಕಿನ ರಬ್ಬರ್ ಪೈಪು ಬಿಚ್ಚಿದ ಕೂಡಲೇ ಪೈಪಿನ ಬಾಯಿ ಮುಚ್ಚಿ, ಅದರೊಳಗಿನ ಎಣ್ಣೆ ಬಿದ್ದಲ್ಲಿ ಪೇಂಟ್ ಏಳುತ್ತದೆ. ಶಾಕ್ ಅಬ್ಸಾರ್ಬರಿನ ಕೆಳತುದಿ, ಕೊನೆಗೆ ಯು ಬೋಲ್ಟ್. ಇಳಿಸುವಾಗ ಇಬ್ಬರು ಬೇಕೇ ಬೇಕು. ಯೂಟ್ಯೂಬಿನಲ್ಲಿ ಒಬ್ಬನೇ ಮಾಡುತ್ತಾನೆ ಎನ್ನುತ್ತೀರಿ. ಕ್ಯಾಮೆರಾ ಹಿಡಿದವನನ್ನು ಎಣಿಸಿದಿರಾ?

ಹೊಸದನ್ನು ಏರಿಸುವಾಗ ನೋಡಬೇಕಾದ್ದು ಒಂದೇ. ಪ್ಲೇಟುಗಳನ್ನು ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ ಗದ್ದುಗೆಯಲ್ಲಿರುವ ತೂತಿಗೆ ಸರಿಯಾಗಿ ಕೂರಬೇಕು. ಬೆರಳು ಹಾಕಿ ಮುಟ್ಟಿ ನೋಡಿ. ಅದು ಕೂರದೆ ಯು ಬೋಲ್ಟ್ ಬಿಗಿದರೆ ಗಾಡಿ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆ. ಯು ಬೋಲ್ಟ್ ಹೊಸದೇ ಹಾಕಿ. ಹೌಸಿಂಗಿಗೆ ಸಾವಿರಗಟ್ಟಲೆ ಕೊಟ್ಟು ಬೋಲ್ಟಿಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.

90 ನಂಬರ್ ಗೇರ್ ಆಯಿಲನ್ನು ಮೇಲಿನ ತೂತಿನಿಂದ ಹಾಕುತ್ತಾ ಹೋಗಿ, ಹೊರಗೆ ಇಣುಕಿದಾಗ ನಿಲ್ಲಿಸಿ. ಬ್ರೀದರನ್ನು ಊದಿ ನೋಡಿ, ಕೆಸರು ಕಟ್ಟಿದ್ದರೆ ಸೀಲು ಹರಿದು ಆಯಿಲ್ ಬ್ರೇಕ್ ಲೈನರಿಗೆ ಬರುತ್ತದೆ. ಬ್ರೇಕಿನ ಗಾಳಿ ತೆಗೆಯುವುದನ್ನು ವಿವರವಾಗಿ ಹೇಳಬೇಕೆಂದಿದ್ದೆ, ಅದಕ್ಕೇ ಇನ್ನೊಂದು ಹತ್ತು ನಿಮಿಷ ಬೇಕು. ಕರೆದರೆ ಬರುತ್ತೇನೆ. ಅಲ್ಲಿಯ ತನಕ ಆ ಒಂದು ಕೆಲಸಕ್ಕೆ ಮೆಕ್ಯಾನಿಕ್ ಕರೆಸಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುವ ತನಕ ಗೇಟು ದಾಟಬೇಡಿ.

ಕಡೆಯದಾಗಿ, ಚಕ್ರ ಹಾಕಿಯಾಯಿತು ಎಂದು ಖುಷಿಯಲ್ಲಿ ಸ್ಟ್ಯಾಂಡ್ ಎಳೆಯುವ ಮೊದಲು ಒಂದು ಸಲ ಬಗ್ಗಿ ಗಾಡಿಯ ಕೆಳಗೆ ನೋಡಿ. ಒಂದಾದರೂ ಪಾನ ಉಳಿದಿರುತ್ತದೆ. ಬಿಸಿಲಿನ ದಿನವಾದರೆ ಮನೆಯ ನಾಯಿಯೂ ಅಲ್ಲೇ ನೆರಳಿಗೆ ಮಲಗಿರುತ್ತದೆ. ಎಬ್ಬಿಸಿ ಕಳಿಸಿ.

ನಮಸ್ಕಾರ.