ಪುರಾವೆ ಕೇಳಿದ ಪಾದ್ರಿ: ನವಾರ್ರದ ಮಾಟಗಾತಿ ವಿಚಾರಣೆ, 1609–1614

ಎಲ್ಲರಿಗೂ ನಮಸ್ಕಾರ.

15ರಿಂದ 18ನೇ ಶತಮಾನದವರೆಗೆ ಯುರೋಪಿನಲ್ಲಿ ಮಾಟದ ಆರೋಪ ಹೊರಿಸಿ ಸುಮಾರು 40ರಿಂದ 60 ಸಾವಿರ ಜನರನ್ನು ಕೊಂದರು. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಸೈತಾನನ ಮೇಲಿನ ನಂಬಿಕೆಯೇ ಇದಕ್ಕೆಲ್ಲ ಕಾರಣ ಎನ್ನುವುದು ವಾಡಿಕೆ. ನಂಬಿಕೆ ಇಲ್ಲದೆ ಇದು ನಡೆಯುತ್ತಿರಲಿಲ್ಲ, ನಿಜ. ಆದರೆ ಅದೇ ನಂಬಿಕೆ ಇದ್ದ ಒಂದು ನಾಡಿನಲ್ಲಿ ಚಿತೆಗಳು ಉರಿದವು, ಇನ್ನೊಂದರಲ್ಲಿ ಆರಿದವು. ನ್ಯಾಯಾಲಯ ಯಾವುದನ್ನು ಪುರಾವೆ ಎಂದು ಒಪ್ಪುತ್ತಿತ್ತು ಎಂಬುದರ ಮೇಲೆ ಜನರ ಜೀವ ನಿಂತಿತ್ತು. ಇದನ್ನು ಉತ್ತರ ಸ್ಪೇನಿನ ನವಾರ್ರದ ಪ್ರಕರಣದಲ್ಲಿ ಹತ್ತಿರದಿಂದ ನೋಡಬಹುದು.

ಇನ್ಕ್ವಿಸಿಷನ್, ಅಂದರೆ ಕ್ಯಾಥೊಲಿಕ್ ಧರ್ಮಕ್ಕೆ ವಿರುದ್ಧ ನಡೆದವರನ್ನು ವಿಚಾರಿಸುತ್ತಿದ್ದ ನ್ಯಾಯಪೀಠ, ಎಂದೊಡನೆ ನಮ್ಮ ಕರಾವಳಿಯವರಿಗೆ ಗೋವಾ ನೆನಪಾಗುತ್ತದೆ. ಅದು 1560ರಲ್ಲಿ ಶುರುವಾದ ಪೋರ್ಚುಗೀಸರ ಸಂಸ್ಥೆ. ಇಲ್ಲಿ ಹೇಳುತ್ತಿರುವುದು ಸ್ಪೇನಿನದು. ಮ್ಯಾಡ್ರಿಡ್‌ನ ಕೇಂದ್ರ ಮಂಡಳಿಗೆ ಸುಪ್ರೇಮಾ ಎಂದು ಹೆಸರು, ನವಾರ್ರವನ್ನು ನೋಡಿಕೊಳ್ಳುತ್ತಿದ್ದ ಪೀಠ ಲೊಗ್ರೊನ್ಯೊ ಪಟ್ಟಣದಲ್ಲಿತ್ತು.

1608ರ ಕೊನೆಯಲ್ಲಿ ಗಡಿಯ ಸುಗರ್ರಮುರ್ದಿ ಎಂಬ ಹಳ್ಳಿಗೆ ಮರಿಯಾ ದ ಹಿಮಿಲ್ದೇಗಿ ಎಂಬ ಹುಡುಗಿ ಫ್ರಾನ್ಸಿನ ಕಡೆಯಿಂದ ಮರಳಿದಳು. ತಾನು ಸೈತಾನನನ್ನು ಪೂಜಿಸಲು ಸೇರುವ ಮಾಟಗಾತಿಯರ ರಾತ್ರಿಕೂಟಕ್ಕೆ ಹೋಗಿದ್ದೆ, ಅಲ್ಲಿ ಊರಿನ ಇಂಥಿಂಥವರನ್ನು ಕಂಡೆ ಎಂದಳು. ಹೆಸರು ಬಂದವರನ್ನು ನೆರೆಹೊರೆಯವರೇ ಬೆದರಿಸಿದರು, ಅವರು ಚರ್ಚಿನಲ್ಲಿ ಒಪ್ಪಿಕೊಂಡರು. ಅಷ್ಟಕ್ಕೇ ಮುಗಿಯಬಹುದಿತ್ತು. ಸುದ್ದಿ ಲೊಗ್ರೊನ್ಯೊ ತಲುಪಿ, 1609ರಲ್ಲಿ ಬಂಧನಗಳು ಆರಂಭವಾದವು. ಹಿಡಿದು ತಂದವರಲ್ಲಿ ಹೆಚ್ಚಿನವರಿಗೆ ಆ ಭಾಗದ ಬಾಸ್ಕ್ ಭಾಷೆ ಮಾತ್ರ ಬರುತ್ತಿತ್ತು. ಪ್ರಶ್ನೆಯೂ ಉತ್ತರವೂ ದುಭಾಷಿಯ ಬಾಯಿಂದಲೇ ಹಾದುಹೋಗಬೇಕಿತ್ತು.

ವಿಚಾರಣೆಯ ದೊಡ್ಡ ದೋಷವೆಂದರೆ ‘ಕೂಟದಲ್ಲಿ ಇನ್ನು ಯಾರಿದ್ದರು?’ ಎಂಬ ಪ್ರಶ್ನೆ. ರಾತ್ರಿಕೂಟಕ್ಕೆ ಹೊರಗಿನ ಸಾಕ್ಷಿ ಇರಲು ಸಾಧ್ಯವಿಲ್ಲ, ಕಂಡವರೆಲ್ಲ ಪಾಲುಗಾರರೇ. ಹಾಗಾಗಿ ಒಬ್ಬಳ ಒಪ್ಪಿಗೆ ಹತ್ತು ಜನರ ಮೇಲಿನ ಆರೋಪವಾಗುತ್ತದೆ. ಒಪ್ಪಿದವರಿಗೆ ಕ್ಷಮೆಯ ದಾರಿ ಇತ್ತು. ಒಪ್ಪದವರು ಹಟಮಾರಿ ಪಾಷಂಡಿಗಳು ಎಂದಾಗುತ್ತಿದ್ದರು. 1610ರ ನವೆಂಬರ್ 7 ಮತ್ತು 8ರಂದು ಲೊಗ್ರೊನ್ಯೊದಲ್ಲಿ ಬಹಿರಂಗ ಶಿಕ್ಷೆಯ ವಿಧಿ ನಡೆಯಿತು. ಆರು ಜನರನ್ನು ಜೀವಂತ ಸುಟ್ಟರು. ಸೆರೆಮನೆಯಲ್ಲೇ ಸತ್ತಿದ್ದ ಐವರ ಪ್ರತಿಕೃತಿಗಳನ್ನು ಸುಟ್ಟರು. ಜೀವಂತ ಸುಟ್ಟ ಆ ಆರು ಜನ ಕೊನೆಯವರೆಗೂ ‘ನಾವು ಮಾಟ ಮಾಡಿಲ್ಲ’ ಎಂದವರು. ಸುಳ್ಳು ಹೇಳಿದವರು ಉಳಿದರು, ನಿಜ ಹೇಳಿದವರು ಸತ್ತರು. ಆ ವ್ಯವಸ್ಥೆ ಎಷ್ಟು ಕೆಟ್ಟಿತ್ತು ಎಂಬುದಕ್ಕೆ ಬೇರೆ ಮಾತು ಬೇಕಿಲ್ಲ.

ಪೀಠದ ಮೂವರು ನ್ಯಾಯಾಧಿಕಾರಿಗಳಲ್ಲಿ ಕಿರಿಯವನು ಅಲೊನ್ಸೊ ದ ಸಲಜಾರ್ ಫ್ರಿಯಾಸ್. ಪಾದ್ರಿ, ಚರ್ಚಿನ ಕಾನೂನು ಓದಿದವನು. ಮರಿಯಾ ದ ಅರ್ಬೂರು ಎಂಬಾಕೆಯನ್ನು ಸುಡಲು ಸಾಕ್ಷ್ಯ ಸಾಲದು ಎಂದು ಅವನೊಬ್ಬನೇ ಭಿನ್ನಮತ ಬರೆದ. ಆಕೆಯನ್ನು ಸುಟ್ಟೇ ಬಿಟ್ಟರು.

ಚಿತೆಯ ನಂತರ ಭಯ ಇನ್ನಷ್ಟು ಹಬ್ಬಿತು. ಮಾಟದ ಬಗ್ಗೆ ಚರ್ಚಿನ ಪ್ರವಚನ ಕೇಳಿದ ಮಕ್ಕಳು, ಮಾಟಗಾತಿಯರು ರಾತ್ರಿ ತಮ್ಮನ್ನು ಕೂಟಕ್ಕೆ ಹೊತ್ತೊಯ್ಯುತ್ತಾರೆ ಎಂದು ಕನಸು ಕಂಡು ಹೇಳತೊಡಗಿದರು. ವೇರಾ ಊರಿನ ಪಾದ್ರಿ ಅಂಥ ಮಕ್ಕಳನ್ನು ಕಾಪಾಡಲೆಂದು ರಾತ್ರಿ ತನ್ನ ಮನೆಯಲ್ಲೇ ಮಲಗಿಸಿಕೊಳ್ಳುತ್ತಿದ್ದ. ಆಗ ಸುಪ್ರೇಮಾ ಕ್ಷಮಾದಾನದ ಆಜ್ಞೆ ಕೊಟ್ಟು ಸಲಜಾರ್‌ನನ್ನು ಹಳ್ಳಿಗಳಿಗೆ ಕಳಿಸಿತು. 1611ರ ಮೇಯಿಂದ 1612ರ ಜನವರಿವರೆಗೆ ಅವನು ಬೆಟ್ಟದ ಊರುಗಳನ್ನು ಸುತ್ತಿ 1,802 ಜನರ ಹೇಳಿಕೆ ಪಡೆದ. ಅವರಲ್ಲಿ 1,384 ಮಂದಿ ಮಕ್ಕಳು: 12 ತುಂಬದ ಹುಡುಗಿಯರು, 14 ತುಂಬದ ಹುಡುಗರು. ಹಿಂದೆ ಒಪ್ಪಿಕೊಂಡಿದ್ದ 81 ಜನ ಮಾತು ಹಿಂತೆಗೆದುಕೊಂಡರು. ಇದು ಸಣ್ಣ ಧೈರ್ಯವಲ್ಲ, ಒಮ್ಮೆ ಕ್ಷಮೆ ಪಡೆದು ಮತ್ತೆ ತಪ್ಪಿದವರೆಂದು ತೀರ್ಮಾನವಾದರೆ ಬೆಂಕಿಯೇ ಗತಿ.

ಅವನ ಪರೀಕ್ಷೆಗಳನ್ನು ನೋಡಿ. ಕೂಟ ನಡೆದ ಜಾಗವನ್ನು ತೋರಿಸಲು ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕರೆದೊಯ್ದು, ಹೋದ ದಾರಿ, ಮರಳಿದ ಹೊತ್ತು, ಉಂಡದ್ದು ಏನೆಂದು ಕೇಳಿಸಿದ. ಬಹುಪಾಲು ಹೇಳಿಕೆಗಳು ತಾಳೆಯಾಗಲಿಲ್ಲ. ಸಂತ ಯೋಹಾನರ ಹಬ್ಬದ ಹಿಂದಿನ ರಾತ್ರಿ ಸಾಂತೆಸ್ತೆಬಾನ್ ಬಳಿ ಕೂಟ ನಡೆಯಿತೆಂದು ಮಕ್ಕಳು ಹೇಳಿದರು. ಅದೇ ಹೊತ್ತಿನಲ್ಲಿ ಸಲಜಾರ್‌ನ ಇಬ್ಬರು ಕಾರ್ಯದರ್ಶಿಗಳು ಆ ಜಾಗದಲ್ಲಿದ್ದರು. ಅಲ್ಲಿ ಯಾರೂ ಬಂದಿರಲಿಲ್ಲ. ಸೈತಾನನ ಸಂಗ ಮಾಡಿದ್ದೇವೆ ಎಂದ ಹುಡುಗಿಯರನ್ನು ಸೂಲಗಿತ್ತಿಯರು ಪರೀಕ್ಷಿಸಿ ಕನ್ಯೆಯರೆಂದು ಹೇಳಿದರು. ಹಾರಲು ಹಚ್ಚಿಕೊಳ್ಳುವ ಮುಲಾಮು ಎಂದು 22 ಗಡಿಗೆಗಳು ಬಂದವು. ವೈದ್ಯರಿಗೆ ತೋರಿಸಿದ, ಪ್ರಾಣಿಗಳಿಗೆ ತಿನ್ನಿಸಿದ. ಅವಕ್ಕೆ ಏನೂ ಆಗಲಿಲ್ಲ. ಮುಲಾಮು ಎಲ್ಲಿ ಎಂಬ ಕಾಟ ತಾಳದೆ ಜನ ಮನೆಯಲ್ಲೇ ಕಲಸಿ ತಂದದ್ದು ಅದು.

ಮಾಟ ನಿಜವಾಗಿ ನಡೆದಿದೆ ಎನ್ನಲು ಒಂದು ಸಣ್ಣ ಸುಳಿವೂ ಸಿಗಲಿಲ್ಲ, ಆ ಬಗ್ಗೆ ಆಡಿ ಬರೆಯುವ ಮೊದಲು ಅಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೊಳಗಾದವರೂ ಇರಲಿಲ್ಲ ಎಂಬುದು ಅವನ ವರದಿಯ ತಿರುಳು. ಸಲಜಾರ್ ನಾಸ್ತಿಕನಾಗಿರಲಿಲ್ಲ. ಸೈತಾನನಿಗೆ ಶಕ್ತಿ ಇದೆ ಎಂಬುದನ್ನು ಅವನು ಅಲ್ಲಗಳೆಯಲೂ ಇಲ್ಲ. ಸೈತಾನ ಹೀಗೆ ಮಾಡಬಲ್ಲ ಎನ್ನುವುದು ಬೇರೆ, ಈ ಊರಿನ ಈ ಹೆಂಗಸು ಹೀಗೆ ಮಾಡಿದಳು ಎನ್ನುವುದು ಬೇರೆ. ಎರಡನೆಯದಕ್ಕೆ ಹೊರಗಿನ ಸಾಕ್ಷ್ಯ ಬೇಕು ಎಂದು ಹಿಡಿದು ಕೂತ. ಈ ಎಚ್ಚರ ಅವನಿಂದಲೇ ಹುಟ್ಟಿದ್ದೂ ಅಲ್ಲ: ಮಾಟಗಾತಿಯರನ್ನು ಹಿಡಿಯುವವರ ಕೈಪಿಡಿಯಾಗಿದ್ದ ‘ಮಾಲೆಯುಸ್’ ಹೇಳುವುದನ್ನೆಲ್ಲ ನಂಬಬೇಡಿ ಎಂದು ಸುಪ್ರೇಮಾ 1538ರಲ್ಲೇ ಬರೆದಿತ್ತು.

ಜೊತೆಯ ಇಬ್ಬರು ಅಧಿಕಾರಿಗಳು ಅವನನ್ನು ಬಲವಾಗಿ ವಿರೋಧಿಸಿದರು. ಆದರೂ 1614ರ ಆಗಸ್ಟ್ 29ರಂದು ಸುಪ್ರೇಮಾ ಹೊರಡಿಸಿದ ನಿಯಮಗಳು ಬಹುಮಟ್ಟಿಗೆ ಅವನ ಮಾತನ್ನೇ ಹಿಡಿದವು. ಮಗು ಸತ್ತರೆ, ಬೆಳೆ ಹಾಳಾದರೆ, ಆಲಿಕಲ್ಲು ಬಿದ್ದರೆ ಮೊದಲು ಸಹಜ ಕಾರಣ ಹುಡುಕಬೇಕು. ಹೇಳಿಕೆಯನ್ನು ಅದರ ವಿರೋಧಾಭಾಸಗಳ ಸಮೇತ ಬರೆದುಕೊಳ್ಳಬೇಕು. ಮಾತು ಹಿಂತೆಗೆದುಕೊಳ್ಳಲು ಬಂದವರನ್ನು ತಡೆಯಬಾರದು. ಊರವರು ಯಾರನ್ನೂ ಹಿಂಸಿಸಿ ಒಪ್ಪಿಸಬಾರದು. 1610ರಲ್ಲಿ ಶಿಕ್ಷೆಯಾದವರ ಅವಮಾನದ ಅಂಗಿಗಳನ್ನು ಚರ್ಚಿನಲ್ಲಿ ತೂಗುಹಾಕಬಾರದು. ಕೊನೆಯ ನಿಯಮ ಬದುಕುಳಿದ ಕುಟುಂಬಗಳಿಗಾಗಿ ಬಂದದ್ದು. ಆ ಅಂಗಿ ತೂಗುತ್ತಿದ್ದಷ್ಟು ಕಾಲ ಮನೆತನದ ಹೆಸರಿಗೆ ಕಳಂಕ ತಪ್ಪುತ್ತಿರಲಿಲ್ಲ.

ಈ ನಿಯಮಗಳು ಇನ್ಕ್ವಿಸಿಷನ್‌ಗೆ ಮಾತ್ರ ಅನ್ವಯಿಸುತ್ತಿದ್ದವು. ಸ್ಪೇನಿನದೇ ಇನ್ನೊಂದು ಪ್ರಾಂತವಾದ ಕತಲೋನ್ಯಾದಲ್ಲಿ 1618ರಿಂದ 1622ರ ನಡುವೆ ಊರಿನ ನ್ಯಾಯಾಲಯಗಳು ಬೆಳೆನಾಶದ ಹೊಣೆ ಹೊರಿಸಿ ಹಲವು ಹೆಂಗಸರನ್ನು ಗಲ್ಲಿಗೇರಿಸಿದವು. ಅಲ್ಲಿನ ನ್ಯಾಯಾಧೀಶರು ಪಾದ್ರಿಗಳಾಗಿರಲಿಲ್ಲ. ಊರಿನ ಸಿಟ್ಟಿಗೆ ಹತ್ತಿರದಲ್ಲಿದ್ದರು, ಮೇಲಿನವರಿಗೆ ಲೆಕ್ಕ ಕೊಡಬೇಕಾದ ಒತ್ತಡ ಅವರಿಗಿರಲಿಲ್ಲ.