ಹೋಗಿರಬೇಕು, ಹೋಗಿರಬಹುದು, ಹೋಗಬಹುದಿತ್ತು: ಇಂಗ್ಲಿಷ್ ಮೋಡಲ್‌ಗಳ ಅಭ್ಯಾಸ ಕುರಿತು

ಶಿಕ್ಷಕ ಬಂಧುಗಳೇ,

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ ನಿಮ್ಮ ಮುಂದೆ ನಾನು ಇಂದು ಎತ್ತಿಕೊಂಡಿರುವ ವಿಷಯ ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶುಡ್ ಮುಂತಾದ ಮೋಡಲ್ ವರ್ಬ್‌ಗಳ ಅಭ್ಯಾಸ. ಅದರಲ್ಲಿಯೂ ಆಗಿಹೋದ ಸಂಗತಿಯನ್ನು ಊಹಿಸಿ ಹೇಳುವಾಗ ಮತ್ತು ಹಿಂದೊಮ್ಮೆ ಇದ್ದ ಸಾಮರ್ಥ್ಯವನ್ನು ಹೇಳುವಾಗ ಅವು ತಾಳುವ ರೂಪಗಳು. ಈ ಪಾಠವನ್ನು ನಾವೆಲ್ಲರೂ ಒಂದೇ ಬಗೆಯಲ್ಲಿ ಮಾಡುತ್ತೇವೆ. ಹಲಗೆಯ ಮೇಲೊಂದು ಕೋಷ್ಟಕ. ಎಡಗಡೆ ಮೋಡಲ್, ಬಲಗಡೆ ಅನುಮತಿ, ಸಾಧ್ಯತೆ, ಕರ್ತವ್ಯ ಎಂಬ ಹಣೆಪಟ್ಟಿಗಳು. ಮೂವತ್ತು ವರ್ಷ ಗಂಗಾವತಿ, ಕಾರಟಗಿ ಕಡೆಯ ಶಾಲೆಗಳಲ್ಲಿ ನಾನೂ ಅದನ್ನೇ ಬರೆದು ಅಳಿಸಿದವನು. ಮಕ್ಕಳು ಕೋಷ್ಟಕವನ್ನು ಬಾಯಿಪಾಠ ಮಾಡಿ, ಬಿಟ್ಟ ಸ್ಥಳ ತುಂಬಿ, ಅಂಕ ಪಡೆದು, ಶಾಲೆಯ ಗೇಟು ದಾಟಿದೊಡನೆ ‘ಹಿ ಮಸ್ಟ್ ವೆಂಟ್’ ಎನ್ನುತ್ತಾರೆ. ಮೋಡಲ್ ಬಳಸುವ ಮನುಷ್ಯ ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ನಾನು ಹೇಳುತ್ತಿರುವುದು ನನಗೆ ಎಷ್ಟು ಗೊತ್ತು, ಹೇಗೆ ಗೊತ್ತು? ಕೋಷ್ಟಕದಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ಆದರೆ ನಮ್ಮ ಮಕ್ಕಳು ದಿನವೂ ಆಡುವ ಕನ್ನಡದ ಕ್ರಿಯಾಪದದಲ್ಲಿ ಇದೆ, ಮತ್ತು ಕೆಲವು ಕಡೆ ಇಂಗ್ಲಿಷಿಗಿಂತ ಹೆಚ್ಚು ಖಚಿತವಾಗಿಯೇ ಇದೆ.

ಕ್ಯಾನ್ ಎಂಬ ಪದವನ್ನೇ ನೋಡಿ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ‘ಕುನ್ನನ್’. ಅದರ ಅರ್ಥ ‘ತಿಳಿದಿರು’. ತಿಳಿದವನು ಮಾಡಿಯಾನು ಎಂಬ ಹಾದಿಯಲ್ಲಿ ನಡೆದು ಅದು ‘ಮಾಡಲು ಶಕ್ತ’ ಎಂಬ ಅರ್ಥಕ್ಕೆ ಬಂದು ಸೇರಿತು. ನಮ್ಮ ‘ಬಲ್ಲ’ ಕೂಡ ಅದೇ ಹಾದಿಯದು. ‘ಬಲ್ಲವನೇ ಬಲ್ಲ ಬೆಲ್ಲದ ಸವಿಯ’ ಎಂಬಲ್ಲಿ ಅದು ತಿಳಿವಳಿಕೆ. ‘ಅವನು ಹಾಡಬಲ್ಲ’ ಎಂಬಲ್ಲಿ ಶಕ್ತಿ. ಇನ್ನು ‘ಶಿ ಮಸ್ಟ್ಸ್ ಗೋ’ ಎಂದು ಬರೆಯುವ ಮಗುವಿಗೆ ನಿಯಮ ಹೇಳುವ ಬದಲು, ‘ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು’ ಎಂದು ಹೇಳಿಸಿ, ‘ಅವಳು ಬೇಕಳು’ ಎಂದು ಯಾರಾದರೂ ಅನ್ನುತ್ತಾರೆಯೇ ಎಂದು ಕೇಳಿ. ತರಗತಿ ನಗುತ್ತದೆ, ತಪ್ಪು ತಾನಾಗಿ ಬಿದ್ದುಹೋಗುತ್ತದೆ. ಮಾತು ಬಂದಿದೆಯೆಂದು ಹೇಳುತ್ತೇನೆ: ‘ಕುಡ್’ ಪದದ ಕಾಗುಣಿತದಲ್ಲಿ ಉಚ್ಚಾರವಾಗದೆ ಕುಳಿತಿರುವ ‘ಎಲ್’ ಅಕ್ಷರ ಅದರ ಹುಟ್ಟಿನಿಂದ ಬಂದದ್ದಲ್ಲ, ವುಡ್, ಶುಡ್‌ಗಳನ್ನು ನೋಡಿ ಜನ ಸೇರಿಸಿದ್ದು. ಮಕ್ಕಳ ಕಾಗುಣಿತದ ತಪ್ಪಿಗೆ ಬೆತ್ತ ಎತ್ತುವ ಮುನ್ನ ಇದನ್ನು ನೆನೆಯಬಹುದು.

ಈಗ ಊಹೆಯ ಮಾತಿಗೆ ಬರೋಣ. ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕವೆಂಬ ರೂಪವೇ ಇದೆ: ಮಳೆ ಬಂದೀತು, ಅವನು ಬಂದಾನು. ಆದರೆ ‘ಬಂದೀತು’ ಮುಂದೆ ನೋಡುತ್ತದೆಯೇ ಹೊರತು ಹಿಂದಕ್ಕಲ್ಲ. ಆಗಿಹೋದದ್ದನ್ನು ಊಹಿಸುವಾಗ ನಾವು ‘ಇರು’ ಧಾತುವನ್ನು ನಡುವೆ ತಂದು ‘ಹೋಗಿರಬೇಕು’, ‘ಹೋಗಿರಬಹುದು’, ‘ಹೋಗಿರಲಿಕ್ಕಿಲ್ಲ’ ಎನ್ನುತ್ತೇವೆ. ‘ಹೋಗಿ, ಇರ, ಬೇಕು’ ಎಂದು ಬಿಡಿಸಿ, ಅದರ ಕೆಳಗೆ ‘ಮಸ್ಟ್, ಹ್ಯಾವ್, ಗಾನ್’ ಎಂದು ಬರೆಯಿರಿ. ಕನ್ನಡಿಯಲ್ಲಿ ಕಂಡಂತೆ ಅದೇ ಮೂರು ತುಂಡು, ಹಿಂದುಮುಂದಾಗಿ. ನಡುವಿನ ‘ಇರ’ ಅವನಿಗೂ ಅವಳಿಗೂ ಬದಲಾಗದಂತೆ ನಡುವಿನ ‘ಹ್ಯಾವ್’ ಕೂಡ ‘ಹ್ಯಾಸ್’ ಆಗುವುದಿಲ್ಲ. ಕನ್ನಡದ ಮೊದಲ ತುಂಡು ‘ಹೋಗಿ’ ಎಂದಿರುವುದರಿಂದಲೇ ಇಂಗ್ಲಿಷಿನ ಕೊನೆಯಲ್ಲಿ ‘ಗಾನ್’ ಬರುತ್ತದೆ, ‘ವೆಂಟ್’ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ಸೋಮವಾರ ಬೆಳಿಗ್ಗೆ, ಕಾರಟಗಿ ಸಮೀಪದ ಹಳ್ಳಿಯ ಶಾಲೆಯಲ್ಲಿ. ಹೊತ್ತಾದರೂ ಗಂಟೆ ಹೊಡೆದಿರಲಿಲ್ಲ. ಅಟೆಂಡರ್ ಸೈಕಲ್ ಬೇವಿನ ಮರಕ್ಕೆ ಒರಗಿತ್ತು, ಹ್ಯಾಂಡಲ್‌ಗೆ ಬುತ್ತಿಚೀಲ ತೂಗುತ್ತಿತ್ತು, ಆಫೀಸ್ ಕೋಣೆಯ ಬೀಗ ತೆರೆದಿತ್ತು; ಮನುಷ್ಯ ಮಾತ್ರ ಇಲ್ಲ. ಒಂಬತ್ತನೆಯ ತರಗತಿಯನ್ನು ಕಿಟಕಿಯ ಬಳಿ ನಿಲ್ಲಿಸಿ ‘ಎಲ್ಲಿಗೆ ಹೋಗಿರಬೇಕು, ಹೇಳ್ರಿ’ ಎಂದೆ. ‘ಚಾ ಕುಡಿಯಾಕ ಹೋಗಿರಬೇಕ್ರಿ ಸರ್’ ಎಂದ ಒಬ್ಬ. ಹಲಗೆಯ ಮೇಲೆ ‘ಹಿ ಮಸ್ಟ್ ಹ್ಯಾವ್ ಗಾನ್ ಫಾರ್ ಟೀ’ ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು: ‘ಇಲ್ರಿ ಸರ್, ಇವತ್ತ ಹೋಟೆಲ್ ಬಂದ್ ಐತ್ರಿ. ಚಾಕ್ಕ ಹೋಗಿರಾಕ ಸಾಧ್ಯನ ಇಲ್ರಿ.’ ಮೊದಲ ವಾಕ್ಯದ ಕೆಳಗೆ ‘ಹಿ ಕಾಂಟ್ ಹ್ಯಾವ್ ಗಾನ್ ಫಾರ್ ಟೀ’ ಎಂದು ಬಂತು. ಇನ್ನೊಬ್ಬ ವರಾಂಡದತ್ತ ಕೈ ತೋರಿಸಿ, ‘ನೀರಿಗೆ ಹೋಗಿರಬಹುದ್ರಿ, ಕೊಡಾನೂ ಇಲ್ಲ ನೋಡ್ರಿ’ ಎಂದ. ಅದು ‘ಹಿ ಮೈಟ್ ಹ್ಯಾವ್ ಗಾನ್ ಟು ಫೆಚ್ ವಾಟರ್’ ಆಯಿತು. ಸ್ವಲ್ಪ ಹೊತ್ತಿಗೆ ಅಟೆಂಡರ್ ಹೆಗಲ ಮೇಲೆ ಕೊಡ ಹೊತ್ತು ಗೇಟಿನಲ್ಲಿ ಕಾಣಿಸಿಕೊಂಡರು. ಆಗ ನಾನು ಮೂರೂ ವಾಕ್ಯಗಳನ್ನು ಒರೆಸಿ ‘ಹಿ ವೆಂಟ್ ಟು ಫೆಚ್ ವಾಟರ್’ ಎಂದು ಬರೆದೆ. ಮೋಡಲ್ ಎಲ್ಲಿ ಹೋಯಿತು ಎಂದು ಕೇಳಿದಾಗ ಆ ಹುಡುಗಿಯೇ ಹೇಳಿದಳು: ‘ಈಗ ಕಂಡಿತಲ್ರಿ ಸರ್, ಇನ್ನ ಯಾಕ ಬೇಕ್ರಿ?’

ಮಸ್ಟ್ ಎಂದರೆ ಬಹಳ ಗಟ್ಟಿಯಾದ ಮಾತು ಎಂದು ಅಲ್ಲಿಯವರೆಗೆ ನಾನು ಕಲಿಸುತ್ತಿದ್ದೆ. ಊಹೆಗಳ ಸಾಲಿನಲ್ಲಿ ಅದು ಗಟ್ಟಿಯೇ. ಆದರೆ ಕಣ್ಣಾರೆ ಕಂಡದ್ದನ್ನು ಹೇಳುವ ಸರಳ ಭೂತಕಾಲದ ಎದುರು ಅದು ದುರ್ಬಲ. ‘ಹೋಗಿರಬೇಕು’ ಎಂದವನು ತಾನು ನೋಡಿಲ್ಲವೆಂದು ಒಪ್ಪಿಕೊಂಡಂತೆಯೇ. ಹುಡುಗಿಯ ನಿಷೇಧವನ್ನೂ ಗಮನಿಸಿ. ‘ಹೋಗಿರಬೇಕು’ ಎಂಬ ಊಹೆಯನ್ನು ಅಲ್ಲಗಳೆಯಲು ಅವಳು ‘ಹೋಗಿರಬಾರದು’ ಎನ್ನಲಿಲ್ಲ, ಏಕೆಂದರೆ ಅದು ತಕರಾರು ಆಗುತ್ತಿತ್ತು. ಬ್ರಿಟಿಷ್ ಇಂಗ್ಲಿಷಿನಲ್ಲಿಯೂ ‘ಮಸ್ಟ್ ಹ್ಯಾವ್’ಗೆ ಎದುರಾಗಿ ಸಾಮಾನ್ಯವಾಗಿ ನಿಲ್ಲುವುದು ‘ಕಾಂಟ್ ಹ್ಯಾವ್’. ಅಮೆರಿಕದವರು ‘ಮಸ್ಟ್ ನಾಟ್ ಹ್ಯಾವ್’ ಎನ್ನುವುದುಂಟು. ಪ್ರೌಢಶಾಲೆಯ ಮಟ್ಟದಲ್ಲಿ ಆ ಗೊಂದಲ ಬೇಡವೆಂಬುದು ನನ್ನ ಅಭಿಪ್ರಾಯ.

ಕನ್ನಡವೇ ಹೆಚ್ಚು ಖಚಿತವೆಂದೆನಲ್ಲ, ಅದಕ್ಕೆ ‘ಕುಡ್ ಹ್ಯಾವ್’ ಒಳ್ಳೆಯ ಸಾಕ್ಷಿ. ‘ಹಿ ಕುಡ್ ಹ್ಯಾವ್ ಟೇಕನ್ ದಿ ಗಂಗಾವತಿ ಬಸ್’ ಎಂಬ ವಾಕ್ಯಕ್ಕೆ ಎರಡು ಅರ್ಥ. ಅವನು ಗಂಗಾವತಿ ಬಸ್ ಹಿಡಿದಿರಬಹುದು, ಹಿಡಿದನೋ ಇಲ್ಲವೋ ನನಗೆ ತಿಳಿಯದು ಎಂಬುದು ಒಂದು. ಹಿಡಿಯಬಹುದಿತ್ತು, ಆದರೆ ಹಿಡಿಯಲಿಲ್ಲ ಎಂಬುದು ಇನ್ನೊಂದು. ಇಂಗ್ಲಿಷ್ ಕೇಳುಗ ಸಂದರ್ಭ ನೋಡಿ ಅರ್ಥ ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ಹಿಡಿದಿರಬಹುದು’ ಎಂಬುದಕ್ಕೂ ‘ಹಿಡಿಯಬಹುದಿತ್ತು’ ಎಂಬುದಕ್ಕೂ ನಡುವೆ ಗೋಡೆಯೇ ಇದೆ. ಐದು ವರ್ಷದ ಮಗುವೂ ಅವನ್ನು ಅದಲುಬದಲು ಮಾಡುವುದಿಲ್ಲ. ಆದ್ದರಿಂದ ಬರೆಯುವ ಮುನ್ನ ಮಗು ಕನ್ನಡದಲ್ಲಿ ಯಾವ ರೂಪ ಹೇಳಿತೆಂದು ಕೇಳಿರಿ. ‘ಹಿಡಿದಿರಬಹುದು’ ಎಂದರೆ ‘ಮೇ ಹ್ಯಾವ್’ ಬರೆಸಿದರೆ ನಿಶ್ಚಿಂತೆ. ‘ಹಿಡಿಯಬಹುದಿತ್ತು’ ಎಂದರೆ ‘ಕುಡ್ ಹ್ಯಾವ್’ ಬರೆಸಿ, ‘ಬಟ್’ ಎಂದು ಒಂದು ಮಾತು ಮುಂದುವರಿಸಿ.

‘ಬೇಕು’ ಇದಕ್ಕೆ ತದ್ವಿರುದ್ಧ. ‘ರಾಯಚೂರಿಗೆ ಹೋಗಬೇಕಾಯಿತು’ ಎಂದರೆ ಹೋದದ್ದು ನಿಶ್ಚಯ, ‘ಹ್ಯಾಡ್ ಟು ಗೋ’. ಆದರೆ ‘ಹೋಗಬೇಕಿತ್ತು’ ಎಂಬುದು ಮೂರು ಮನೆಯ ನೆಂಟ. ‘ಛೇ, ಹೋಗಬೇಕಿತ್ತು’ ಎಂಬ ಹಳಹಳಿಗೆ ‘ಶುಡ್ ಹ್ಯಾವ್ ಗಾನ್’. ‘ಹೋಗಬೇಕಿತ್ತು, ಅದಕ್ಕೇ ರಜೆ ಹಾಕಿದೆ’ ಎಂಬುದಕ್ಕೆ ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು, ಅಷ್ಟರಲ್ಲಿ ನೆಂಟರು ಬಂದರು’ ಎಂಬುದಕ್ಕೆ ‘ವಾಸ್ ಸಪೋಸ್ಡ್ ಟು ಗೋ’. ಈ ಮೂರಕ್ಕೂ ಮಕ್ಕಳು ‘ಮಸ್ಟ್ ಹ್ಯಾವ್ ಗಾನ್’ ಎಂದು ಬರೆಯುವುದೇ ನಮ್ಮ ಭಾಗದ ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು. ಕರ್ತವ್ಯದ ಅರ್ಥದ ಮಸ್ಟ್‌ಗೆ ಭೂತರೂಪವಿಲ್ಲ. ಇರುವುದು ಹೇಗೆ? ಮಸ್ಟ್ ತಾನೇ ಒಂದು ಕಾಲಕ್ಕೆ ‘ಮೋಟನ್’ ಎಂಬ ಹಳೆಯ ಕ್ರಿಯಾಪದದ ಭೂತರೂಪವಾಗಿತ್ತು.

ಸಾಮರ್ಥ್ಯದ ವಿಷಯದಲ್ಲಿ ನನ್ನದೇ ಪೇಚಾಟವೊಂದನ್ನು ಹೇಳುತ್ತೇನೆ. ಹೊಸದಾಗಿ ಬಿ.ಇಡಿ. ಮುಗಿಸಿ ಕೆಲಸದ ಸಂದರ್ಶನಕ್ಕೆ ಹೋಗಿದ್ದಾಗ, ಮೊದಲ ಪ್ರಯತ್ನದಲ್ಲೇ ಪಾಸಾದೆನೆಂಬ ಹೆಮ್ಮೆಯಿಂದ ‘ಐ ಕುಡ್ ಪಾಸ್ ಇನ್ ದಿ ಫಸ್ಟ್ ಅಟೆಂಪ್ಟ್’ ಎಂದೆ. ಎದುರಿಗಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿ, ‘ಸರಿ, ಪಾಸಾದಿರೋ ಇಲ್ಲವೋ?’ ಎಂದು ಕೇಳಿದರು. ಅವರ ಪ್ರಶ್ನೆ ನನಗೆ ಅರ್ಥವಾದದ್ದು ವರ್ಷಗಳ ಮೇಲೆ. ಹಿಂದೆ ಬಹುಕಾಲ ಇದ್ದ ಶಕ್ತಿಗೆ ‘ಕುಡ್’. ಒಂದು ಸಂದರ್ಭದಲ್ಲಿ ಪ್ರಯತ್ನಪಟ್ಟು ಸಾಧಿಸಿದ್ದಕ್ಕೆ ‘ವಾಸ್ ಏಬಲ್ ಟು’ ಅಥವಾ ‘ಮ್ಯಾನೇಜ್ಡ್ ಟು’. ಕನ್ನಡದಲ್ಲಿ ಮೊದಲನೆಯದು ‘ಆಗುತ್ತಿತ್ತು, ಬರುತ್ತಿತ್ತು’, ಎರಡನೆಯದು ‘ಆಯಿತು’.

ಆನೆಗೊಂದಿಯ ಬಳಿಯ ಅಂಜನಾದ್ರಿಯನ್ನು ನೀವೆಲ್ಲರೂ ಹತ್ತಿದ್ದೀರಿ, 575 ಮೆಟ್ಟಿಲು. ಇಪ್ಪತ್ತರ ವಯಸ್ಸಿನಲ್ಲಿ ಎಲ್ಲಿಯೂ ಕೂರದೆ ಹತ್ತಲು ಆಗುತ್ತಿತ್ತು: ‘ಐ ಕುಡ್ ಕ್ಲೈಂಬ್ ಇಟ್’. ಕಳೆದ ವರ್ಷ, ಮೊಣಕಾಲು ನೋವಿನ ನಡುವೆ, ನಾಲ್ಕು ಕಡೆ ಕುಳಿತು ಕೊನೆಗೂ ಹತ್ತಲು ಆಯಿತು: ‘ಐ ವಾಸ್ ಏಬಲ್ ಟು ಕ್ಲೈಂಬ್ ಇಟ್’. ಮೇಲೆ ನಿಂತಾಗ ತುಂಗಭದ್ರೆ ಕಾಣುತ್ತಿತ್ತು: ‘ಐ ಕುಡ್ ಸೀ ದಿ ರಿವರ್’. ಕಾಣುವುದು, ಕೇಳುವುದು ಮುಂತಾದವಕ್ಕೆ ಒಂದೇ ಸಲದ ಸಂಗತಿಯಾದರೂ ಕುಡ್ ನಡೆಯುತ್ತದೆ. ಕನ್ನಡವೂ ಅಲ್ಲಿ ‘ಕಾಣುತ್ತಿತ್ತು’ ಎಂದೇ ಹೇಳುತ್ತದೆ. ನಿಷೇಧದಲ್ಲಿ ಈ ಭೇದವೇ ಅಳಿಯುತ್ತದೆ, ‘ಕುಡಂಟ್’ ಎಲ್ಲ ಕಡೆಗೂ ಸಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದು, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ವಾರದೊಳಗೆ ಅದನ್ನು ಮುಚ್ಚಿದ್ದು ನಿಮ್ಮ ಮಕ್ಕಳಿಗೆಲ್ಲ ಗೊತ್ತು. ‘ದೇ ಕುಡ್ ಸ್ಟಾಪ್ ದಿ ವಾಟರ್’ ಎಂದು ಬರೆದರೆ ಆ ಕೆಲಸ ನಡೆಯಿತೋ ಇಲ್ಲವೋ ತಿಳಿಯದು. ‘ದೇ ವರ್ ಏಬಲ್ ಟು’ ಎಂದರೆ ನೀರು ನಿಂತಿತು.

ಊಹೆಯ ಅಭ್ಯಾಸಕ್ಕೆ ಪಠ್ಯಪುಸ್ತಕದ ಕಳ್ಳ–ಪೊಲೀಸ್ ಕಥೆಗಳಿಗಿಂತ ನಮ್ಮ ನೆಲ ಸಮೃದ್ಧ. ಬಳ್ಳಾರಿ ಜಿಲ್ಲೆಯ ಕುಡತಿನಿಯ ಬಳಿ ಬೂದಿದಿಬ್ಬವಿದೆ, ಅಂದರೆ ಇತಿಹಾಸಪೂರ್ವ ಕಾಲದ ಬೂದಿಯ ದೊಡ್ಡ ಗುಡ್ಡೆ. ಈ ಬಗೆಯ ದಿಬ್ಬಗಳ ಬಗ್ಗೆ ಕ್ಯಾಪ್ಟನ್ ನ್ಯೂಬೋಲ್ಡ್ 1840ರ ದಶಕದಲ್ಲಿಯೇ ಬರೆದಿದ್ದ. ಹಂಪಿಯ ಹತ್ತಿರದ ನಿಂಬಾಪುರದ ಬೂದಿಯನ್ನು ಜನ ವಾಲಿಯ ಚಿತೆಯದೆಂದು ನಂಬುತ್ತ ಬಂದಿದ್ದಾರೆ. ಜ್ವಾಲಾಮುಖಿ ಎಂದವರಿದ್ದರು, ಲೋಹ ಕರಗಿಸಿದ ಕಿಟ್ಟ ಎಂದವರಿದ್ದರು. ಇದು ‘ಮೈಟ್ ಹ್ಯಾವ್ ಬೀನ್’ ಹಂತ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿಯೆಂದು ವಾದಿಸಿದ. ರಾಯಚೂರಿನಾಚೆ, ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಪುರಾತತ್ವಜ್ಞ ಆಲ್‌ಚಿನ್ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಜ್ವಾಲಾಮುಖಿಗೆ ‘ಕಾಂಟ್ ಹ್ಯಾವ್ ಬೀನ್’, ದನದ ದೊಡ್ಡಿಗೆ ‘ಮಸ್ಟ್ ಹ್ಯಾವ್ ಬೀನ್’. ಸಗಣಿಯನ್ನು ಮತ್ತೆ ಮತ್ತೆ ಏಕೆ ಸುಟ್ಟರು ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಅಲ್ಲಿ ಮೈಟ್ ಇನ್ನೂ ಉಳಿದಿದೆ. ಮಕ್ಕಳು ಗೊರಸಿನ ಗುರುತು ಎಂಬ ಒಂದು ಸಾಕ್ಷ್ಯಕ್ಕೆ ಮೋಡಲ್ ಹೇಗೆ ಬದಲಾಯಿತೆಂದು ತಾವೇ ಹೇಳಬಲ್ಲರು. ನನ್ನ ತರಗತಿಗಳಲ್ಲಿ ‘ಬಿಕಾಸ್’ ಇಲ್ಲದ ‘ಮಸ್ಟ್ ಹ್ಯಾವ್’ಗೆ ನಾನು ಅಂಕ ಕೊಡುತ್ತಿರಲಿಲ್ಲ, ಕೆಲವು ಪಾಲಕರು ಅದಕ್ಕೆ ಜಗಳಕ್ಕೂ ಬಂದರು.

ಇನ್ನೊಂದು ಉದಾಹರಣೆ ಮಸ್ಕಿಯದು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಮೊದಲಿಗೆ ಪ್ರಿನ್ಸೆಪ್ ಈ ಪ್ರಿಯದರ್ಶಿಯನ್ನು ಸಿಂಹಳದ ಅರಸನೆಂದೇ ಎಣಿಸಿದ್ದ. ಸಿಂಹಳದ ‘ದೀಪವಂಸ’ ಎಂಬ ಪ್ರಾಚೀನ ಇತಿವೃತ್ತದಲ್ಲಿ ಅಶೋಕನನ್ನೇ ಪ್ರಿಯದರ್ಶಿ ಎಂದು ಕರೆದಿರುವುದನ್ನು ಜಾರ್ಜ್ ಟರ್ನರ್ ತೋರಿಸಿಕೊಟ್ಟ. ಅಲ್ಲಿಂದ ಮುಂದೆ ಪಂಡಿತರು ಎಷ್ಟೇ ಧೈರ್ಯವಾಗಿ ಬರೆದರೂ, ಕಟ್ಟುನಿಟ್ಟಾಗಿ ನೋಡಿದರೆ ಅವರ ವಾಕ್ಯ ‘ಪ್ರಿಯದರ್ಶಿ ಮಸ್ಟ್ ಹ್ಯಾವ್ ಬೀನ್ ಅಶೋಕ’ ಎಂಬುದೇ ಆಗಿತ್ತು. ಶಾಸನದ ಕಲ್ಲು ಆ ಹೆಸರನ್ನು ನುಡಿದಿರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಶಾಸನ ಕಂಡಿತು. ಅದು ಆರಂಭವಾಗುವುದೇ ‘ದೇವಾನಂಪಿಯಸ ಅಸೋಕಸ’ ಎಂದು. ಸುಮಾರು ಎಂಟು ದಶಕ ನಡೆದ ‘ಮಸ್ಟ್ ಹ್ಯಾವ್ ಬೀನ್’ ಅಂದು ‘ವಾಸ್’ ಆಯಿತು, ಕೊಡ ಹೊತ್ತ ಅಟೆಂಡರ್ ಗೇಟಿನಲ್ಲಿ ಕಾಣಿಸಿಕೊಂಡ ಹಾಗೆ. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲಿಯೂ ಆ ಹೆಸರು ದೊರೆಯಿತು.

ಕೊಪ್ಪಳದ ಗವಿಮಠದ ಶಾಸನದಲ್ಲಿ ಅಶೋಕನೆಂಬ ಹೆಸರಿಲ್ಲ. ಊಟ ಮುಗಿಸಿ ಮೂರು ಗಂಟೆಗೆ ನಾವೆಲ್ಲರೂ ಅಲ್ಲಿಗೆ ಹೋಗೋಣ. ಮಸ್ಕಿ ಇನ್ನೂ ಸಿಕ್ಕಿಲ್ಲವೆಂದು ಭಾವಿಸಿ, ಬಂಡೆಯ ಮುಂದೆ ನಿಂತು, ಇದನ್ನು ಬರೆಯಿಸಿದವರು ಯಾರು, ಕೆತ್ತಿದವರು ಯಾರು, ಇದೇ ಗುಡ್ಡವನ್ನು ಏಕೆ ಆರಿಸಿಕೊಂಡರು ಎಂಬುದರ ಬಗ್ಗೆ ಪ್ರತಿಯೊಬ್ಬರೂ ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಬೇಕು. ಪ್ರತಿ ವಾಕ್ಯಕ್ಕೂ ‘ಬಿಕಾಸ್’ ಇರಲಿ. ಐದರಲ್ಲಿ ಒಂದರಲ್ಲಿಯೂ ಅಶೋಕನ ಹೆಸರಿನ ಮುಂದೆ ‘ವಾಸ್’ ಬರಕೂಡದು.