ಎಂಜಲಿನ ಕೊಳವೆ, ಕೆಂಪು ಪಟ್ಟಿ

ಕೇಳುಗರಿಗೆ ನಮಸ್ಕಾರ.

ಜುಲೈ ತಿಂಗಳು. ಮಲ್ಪೆ ಕಡೆ ಜೋರು ಮಳೆ. ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಮೂರನೇ ಕ್ಲಾಸಿನ ಹುಡುಗನೊಬ್ಬನ ಅಮ್ಮ ಸ್ಟಾಫ್ ರೂಮಿಗೆ ಬಂದರು. ಕೊಡೆ ಮಡಚಿ ಬಾಗಿಲ ಹೊರಗಿಟ್ಟರು. ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಪುಟದ ರಿಪೋರ್ಟ್ ತೆಗೆದರು. ಮೊದಲ ಪುಟದಲ್ಲಿ ಹಸಿರಿನಿಂದ ಕೆಂಪಿನವರೆಗೆ ಒಂದು ಪಟ್ಟಿ. ಬಾಣದ ಗುರುತು ಕೆಂಪಿನ ಮೇಲೆ. ಕೆಳಗೆ ಬರೆದಿತ್ತು, ಎಡಿಎಚ್‌ಡಿ ರಿಸ್ಕ್ ಜಾಸ್ತಿ.

“ಎಂತ ಟೀಚರ್ ಇದು? ನನ್ನ ಮಗನಿಗೆ ಕಾಯಿಲೆ ಉಂಟಾ?”

ಆನ್‌ಲೈನಲ್ಲಿ ಜೀನ್ ಪರೀಕ್ಷೆಯ ಕಿಟ್ ತರಿಸಿದ್ದರು. ಮಗನ ಎಂಜಲನ್ನು ಸಣ್ಣ ಕೊಳವೆಯಲ್ಲಿ ತುಂಬಿಸಿ ಕೊರಿಯರ್ ಮಾಡಿದ್ದರು. ಅದಕ್ಕೂ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಅವನನ್ನು ಅಷ್ಟು ಹೊತ್ತು ಸುಮ್ನೆ ಕೂರಿಸುವುದೇ ದೊಡ್ಡ ಕೆಲಸ ಆಯಿತಂತೆ. ಕಾಗದ ಹಿಡಿದ ಅವರ ಕೈ ನಡುಗುತ್ತಿತ್ತು. ಇವತ್ತಿನ ನನ್ನ ಮಾತು ಆ ಅಮ್ಮನಂಥವರಿಗೆ.

ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು, ಯೋಚಿಸುವ ಮೊದಲೇ ಕೈ ಬಾಯಿ ಓಡುವುದು. ಮಕ್ಕಳೆಲ್ಲ ಸ್ವಲ್ಪ ಹಾಗೇ ಅಲ್ವಾ? ಹೌದು. ಆದರೆ ಇಲ್ಲಿ ಅದು ಕಲಿಕೆಗೆ, ಗೆಳೆತನಕ್ಕೆ, ಮನೆಯ ನೆಮ್ಮದಿಗೆ ಅಡ್ಡ ಬರುವಷ್ಟು ಇರುತ್ತದೆ. ಇದು ಹಟ ಅಲ್ಲ, ಸೋಮಾರಿತನ ಅಲ್ಲ. ಅಮ್ಮ ಮುದ್ದು ಮಾಡಿ ಕೆಡಿಸಿದ್ದಂತೂ ಅಲ್ಲ.

ಇದು ಮನೆತನದಲ್ಲಿ ಬರುವುದು ನಿಜ. “ಇವನ ಅಪ್ಪನೂ ಸಣ್ಣದಿರುವಾಗ ಹೀಗೇ” ಅಂತ ಅಜ್ಜಿಯಂದಿರು ಎಷ್ಟೋ ಸಲ ನನ್ನ ಹತ್ತಿರ ಹೇಳಿದ್ದಾರೆ. ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರು ವಂಶದ ಪಾಲು ಸುಮಾರು ಶೇಕಡ 74 ಅನ್ನುತ್ತಾರೆ. ಎಡವುವುದು ಇಲ್ಲಿಯೇ. ನಿಮ್ಮ ಮಗುವಿಗೆ ಬರುವ ಸಾಧ್ಯತೆ ಶೇಕಡ 74 ಅಂತ ಇದರ ಅರ್ಥ ಅಲ್ಲವೇ ಅಲ್ಲ. ಒಬ್ಬರು ಶಾಂತ, ಇನ್ನೊಬ್ಬರು ಚಡಪಡಿಕೆ, ಹೀಗೆ ಜನರ ನಡುವೆ ವ್ಯತ್ಯಾಸ ಇರುತ್ತದಲ್ಲ, ಆ ವ್ಯತ್ಯಾಸದಲ್ಲಿ ಜೀನುಗಳ ಪಾಲು ಎಷ್ಟು ಅನ್ನುವ ಲೆಕ್ಕ ಅದು. ಇಡೀ ಗುಂಪಿನ ಲೆಕ್ಕ. ನಿಮ್ಮ ಮಡಿಲಲ್ಲಿ ಕೂತ ಒಂದು ಮಗುವಿನದ್ದಲ್ಲ.

ಆ ಪಾಲು ಒಂದೆರಡು ಜೀನುಗಳಲ್ಲಿ ಕೂಡಿಯೂ ಇಲ್ಲ. 2019ರಲ್ಲಿ ಎಡಿಎಚ್‌ಡಿ ಇರುವ 20 ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದಾಗ ಗಟ್ಟಿಯಾಗಿ ನಂಟು ಕಂಡದ್ದು 12 ಜಾಗಗಳಲ್ಲಿ. 2023ರಲ್ಲಿ 38 ಸಾವಿರ ಜನರನ್ನು ನೋಡಿದಾಗ ಅದು 27 ಆಯಿತು. ಒಂದೊಂದರ ಪ್ರಭಾವ ಬಹಳ ಸಣ್ಣದು. ಇಂಥವು ಸಾವಿರಾರು ಇವೆ. ಮಲ್ಪೆ ಬಂದರಿನಲ್ಲಿ ಕೂತು ಬಲೆ ಸರಿಮಾಡುವವರನ್ನು ನೋಡಿದ್ದೀರಲ್ಲ. ಬಲೆಯ ನಾಲ್ಕು ಕಣ್ಣು ಹಿಡಿದು, ಈ ಸಲ ಎಷ್ಟು ಬಂಗುಡೆ ಬಿದ್ದೀತು ಅಂತ ಅವರನ್ನು ಕೇಳಿದರೆ ಎಂತ ಹೇಳಿಯಾರು?

ಆ ರಿಪೋರ್ಟಿನಲ್ಲಿ ಡಿಆರ್‌ಡಿ4 ಅನ್ನುವ ಜೀನಿನ ಹೆಸರು ದಪ್ಪ ಅಕ್ಷರದಲ್ಲಿತ್ತು. ಡೋಪಮೈನ್ ಅನ್ನುವ ಮೆದುಳಿನ ರಾಸಾಯನಿಕಕ್ಕೆ ಸಂಬಂಧಿಸಿದ್ದು. ಇದರ ಮೇಲೆ ಹಿಂದೆ ವಿಜ್ಞಾನಿಗಳಿಗೆ ತುಂಬಾ ಆಸೆ ಇತ್ತು. 2019ರ ಆ 12 ಜಾಗಗಳಲ್ಲಿ ಅದು ಇಲ್ಲ. ಅದರ ‘ರಿಸ್ಕ್’ ರೂಪ ಇಟ್ಟುಕೊಂಡೂ ಆರಾಮಾಗಿ ಇರುವವರು ಬೇಕಾದಷ್ಟು ಜನ. ಇನ್ನೊಂದು ಮಾತು. ಈ ಅಧ್ಯಯನಗಳಲ್ಲಿ ಇದ್ದವರು ಹೆಚ್ಚಾಗಿ ಯುರೋಪ್ ಮೂಲದವರು. ಅವರನ್ನು ನೋಡಿ ಮಾಡಿದ ಅಳತೆಗೋಲನ್ನು ನಮ್ಮ ಕರಾವಳಿಯ ಮಗುವಿನ ಮೇಲೆ ಇಡುವುದು ನ್ಯಾಯವಾ?

ಜೀನ್ ಪರೀಕ್ಷೆಯೇ ದಂಡ ಅಂತ ನಾನು ಹೇಳುವುದಿಲ್ಲ. ಮಗುವಿನ ಬೆಳವಣಿಗೆಯೇ ಹಿಂದೆ ಬಿದ್ದಿದ್ದರೆ, ಫ್ರಾಜೈಲ್ ಎಕ್ಸ್‌ನಂಥ, ಒಂದೇ ಜೀನಿನ ದೋಷದಿಂದ ಬರುವ ಕಾಯಿಲೆಯ ಸಂಶಯ ಇದ್ದರೆ, ಡಾಕ್ಟರೇ ಬರೆದು ಕೊಡುತ್ತಾರೆ. ಅದು ಬೇರೆ ವಿಷಯ.

ಮಗುವಿನ ಡಿಎನ್‌ಎ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನೂ ಯೋಚಿಸಿ. ಇಂಥದ್ದೇ ಎಂಜಲಿನ ಕಿಟ್ ಮಾರುವ ಅಮೆರಿಕದ ಟ್ವೆಂಟಿತ್ರೀಆ್ಯಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯಿತು. 2025ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು. ಡಿಎನ್‌ಎ?

ಎಡಿಎಚ್‌ಡಿ ಇದೆಯೋ ಇಲ್ಲವೋ ಅಂತ ಗೊತ್ತಾಗುವುದು ಮಾತಾಡಿ, ನೋಡಿ. ಲಕ್ಷಣ 12 ವರ್ಷಕ್ಕೆ ಮೊದಲೇ ಶುರುವಾಗಿದೆಯಾ? ಆರು ತಿಂಗಳಾದರೂ ಆಗಿದೆಯಾ? ಮನೆಯಲ್ಲೂ ಶಾಲೆಯಲ್ಲೂ ಕಾಣುತ್ತದಾ? ಶಾಲೆಯಲ್ಲಿ ಮಾತ್ರ ಅಂತಾದರೆ ತೊಂದರೆ ಬೇರೆ ಎಲ್ಲೋ ಇರಬಹುದು. ಅದಕ್ಕೇ ಟೀಚರನ್ನೂ ಕೇಳುತ್ತಾರೆ. ಎಲ್ಲಿಗೆ ಹೋಗುವುದು ಅಂತ ತಿಳಿಯದವರು 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ಅಮ್ಮನಿಗೂ ನಾನು ಇಷ್ಟೇ ಹೇಳಿದೆ. ಅವರು ಮಗನನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮರುವಾರ ಡಾಕ್ಟರು ಕೊಟ್ಟ ಪ್ರಶ್ನೆಗಳ ಹಾಳೆ ನನ್ನ ಮೇಜಿಗೆ ಬಂತು. ಅದನ್ನು ತುಂಬಿಸುವ ಮೊದಲು ಮೂರು ದಿನ ಅವನನ್ನೇ ನೋಡಿದೆ. ಬರೆಯುತ್ತಾ ಬರೆಯುತ್ತಾ ಚಪ್ಪಲಿಯ ಬಾರನ್ನು ಕಾಲ ಬೆರಳಲ್ಲೇ ಬಿಚ್ಚಿ ಹಾಕುತ್ತಾನೆ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನೆಯದು ಮರೆತೇ ಹೋಗುತ್ತದೆ. ಒಂದೊಂದೇ ಹೇಳಿದರೆ ಮಾಡುತ್ತಾನೆ. ಎರಡು ವರ್ಷದಿಂದ ಅದೇ ಶಾಲೆಯಲ್ಲಿ ಇದ್ದ. ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ.

ನಾಲ್ಕು ಪುಟದ ರಿಪೋರ್ಟನ್ನು ಡಾಕ್ಟರು ಒಮ್ಮೆ ತಿರುವಿ ಪಕ್ಕಕ್ಕೆ ಇಟ್ಟರಂತೆ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, “ಮಗು ರಾತ್ರಿ ಎಷ್ಟು ಗಂಟೆಗೆ ಮಲಗುತ್ತದೆ?”

ನಮಸ್ಕಾರ.